ಹಳೆ ಸ್ಯಾನ್ ಸ್ಟಾರ್ಮ್‌ಗೆ ಜಾಸ್ತಿ ಪವರ್ ಬೇಕು: ಎಂಜಿನ್ ಬಿಚ್ಚಿಸುವುದಾ, ಬೇರೆ ಕೂರಿಸುವುದಾ?

ಕೇಳಿದವರು, ಮಣಿಪಾಲ

ನನ್ನ ಹತ್ತಿರ ಒಂದು ಸ್ಯಾನ್ ಸ್ಟಾರ್ಮ್ ಕಾರು ಉಂಟು. ಎರಡೇ ಸೀಟು, ಫೈಬರ್ ಬಾಡಿ, 1149 ಸಿಸಿ ರೆನೋ ಎಂಜಿನ್. ಹೊಸದಿದ್ದಾಗ 60 ಬಿಎಚ್‌ಪಿ. ಈಗ ಆಗುಂಬೆ ಘಾಟಿ ಹತ್ತುವಾಗ ಸೆಕೆಂಡ್ ಗೇರಿನಲ್ಲೂ ಏದುಸಿರು ಬಿಡುತ್ತದೆ. ರೀಬೋರ್ ಮಾಡಿಸಿದರೆ, ಅಂದರೆ ಸಿಲಿಂಡರ್ ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸಿದರೆ, ಪವರ್ ಜಾಸ್ತಿಯಾಗುತ್ತದಾ? ಇಲ್ಲ, ರೆನೋ ಲೋಗನ್ ಕಾರಿನ 1.6 ಪೆಟ್ರೋಲ್ ಎಂಜಿನ್ ಕೂರಿಸಲಾ? ಗ್ಯಾರೇಜಿನಲ್ಲಿ ಎರಡಕ್ಕೂ ಸೈ ಅನ್ನುತ್ತಾರೆ. ಇಂಥ ಕೆಲಸ ಮಾಡಿಸಿದವರು ಹೇಳಿ ಮಾರಾಯ್ರೆ.

ಸುರತ್ಕಲ್‌ನಿಂದ

ಬೋರ್ ಮಾಡಿಸಿದರೆ ಪವರ್ ಏರುತ್ತದೆ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ನಿಮ್ಮ ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 69 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 76.8. ಅರ್ಧ ಎಂಎಂ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ನಾಲ್ಕೂ ಸಿಲಿಂಡರ್ ಸೇರಿ ಸಿಗುವುದು ಸುಮಾರು 17 ಸಿಸಿ. ಅಡುಗೆಮನೆಯ ದೊಡ್ಡ ಚಮಚದಷ್ಟು! ರೀಬೋರ್ ಇರುವುದು ಸವೆದದ್ದನ್ನು ಸರಿ ಮಾಡಲಿಕ್ಕೆ. ಹೋದ ಪವರ್ ವಾಪಸ್ ಬರುತ್ತದೆ, ಅಷ್ಟೇ.

ನಿಜವಾಗಿ ಸವೆದಿದೆಯಾ ಅಂತ ನೋಡಿದ್ದೀರಾ? ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಪ್ಲಗ್ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರಿನಲ್ಲಿ ಒತ್ತಡ ಎಷ್ಟು ಏಳುತ್ತದೆ ಅಂತ ನೋಡುವುದು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಹೊರಗೆ, ಇಗ್ನಿಷನ್ ಮತ್ತು ಪೆಟ್ರೋಲ್ ಬಂದ್, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಬ್ಯಾಟರಿ ವೀಕ್ ಇದ್ದರೆ ರೀಡಿಂಗ್ ಸುಳ್ಳು ಬರುತ್ತದೆ. ಯಾವುದಾದರೂ ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಏರಿದರೆ ಪಿಸ್ಟನ್ ರಿಂಗ್ ಹೋಗಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್).

ಕಾಪುವಿನಿಂದ

ಕ್ಲಚ್ ಕೂಡ ನೋಡಿ. ಏರಿನಲ್ಲಿ ಎಂಜಿನ್ ಸದ್ದು ಮಾತ್ರ ಏರಿ ಗಾಡಿ ಮುಂದೆ ಹೋಗುವುದಿಲ್ಲ ಅಂತಾದರೆ ಎಂಜಿನ್ ಮೇಲೆ ತಪ್ಪು ಹೊರಿಸುವುದು ಸುಮ್ನೆ.

ಬಿಡಿಭಾಗ ಹುಡುಕುವಾಗ ಗಾಡಿಯ ಹೆಸರು ಹೇಳಬೇಡಿ. ಕೌಂಟರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎಂಜಿನ್ ಕೋಡ್ ಹೇಳಿ: ಡಿ7ಎಫ್. ಯುರೋಪಿನ ಟ್ವಿಂಗೋ, ಕ್ಲಿಯೋ ಗಾಡಿಗಳಲ್ಲಿ ಇದೇ ಎಂಜಿನ್ ಬರುತ್ತಿತ್ತು. ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಆ ಹೆಸರಿನಲ್ಲಿ ತರಿಸಬಹುದು. ಎಲ್ಲಾ ಕೈಗೆ ಬರುವವರೆಗೆ ಎಂಜಿನ್ ಇಳಿಸಲಿಕ್ಕೆ ಬಿಡಬೇಡಿ. ಬಿಚ್ಚಿಟ್ಟ ಬ್ಲಾಕಿಗೆ ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯಲಿಕ್ಕೆ ಹೆಚ್ಚು ದಿನ ಬೇಡ.

ಪೆಟ್ರೋಲ್ ಪೈಪುಗಳನ್ನೂ ಬದಲಾಯಿಸಿಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಹಳೆ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಯ ಟ್ಯಾಂಕಿನಲ್ಲಿ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಮಂಗಳೂರು, ಕದ್ರಿಯಿಂದ

ನಾನು ಹಳೆ ಹೋಂಡಾ ಸಿಟಿ 1.3ಕ್ಕೆ ವಿಟೆಕ್ ಎಂಜಿನ್ ಕೂರಿಸಿದವ. 106 ಬಿಎಚ್‌ಪಿ, ಓಡಿಸಲಿಕ್ಕೆ ಭಾರೀ ಖುಷಿ. ಆದರೆ ಎಂಜಿನ್ನಿನ ದುಡ್ಡು ಬರೇ ಶುರು. ವೈರಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಎಂಜಿನ್ ಕೂರಿಸುವ ಮೌಂಟ್, ಸೈಲೆನ್ಸರ್ ಅಂತ ಪಟ್ಟಿ ಬೆಳೆಯುತ್ತಲೇ ಹೋಯಿತು. ಅದೂ ಒಂದೇ ಮಾಡೆಲಿನ ಒಳಗೆ. ನಿಮ್ಮದರಲ್ಲಿ ಡ್ರೈವ್ ಶಾಫ್ಟ್, ರೇಡಿಯೇಟರ್, ಬ್ರೇಕ್ ಎಲ್ಲಾ ಹೊಸದಾಗಿ ಯೋಚಿಸಬೇಕು. ಬಾಡಿ ಫೈಬರ್ ಆದರೂ ಕೆಳಗಿನ ಚಾಸಿಸ್ ಕಬ್ಬಿಣವೇ. ಉಪ್ಪುಗಾಳಿ ತಿಂದ ಜಾಗಕ್ಕೆ ಮೌಂಟ್ ವೆಲ್ಡ್ ಮಾಡಿದರೆ ನಿಲ್ಲುತ್ತದಾ?

ಇನ್ನು ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾಯಿಸುವ ಮೊದಲೇ ಅನುಮತಿ ಬೇಕು. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾನು ಕೂರಿಸಿದ್ದು ಅದಕ್ಕಿಂತ ಮೊದಲು, ಪೇಪರ್ ಮಾಡಿಸಿಕೊಂಡೇ. ನಿಮ್ಮ ಗಾಡಿಗೆ 15 ವರ್ಷ ದಾಟಿದೆ, ಅಲ್ವಾ? ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋದಾಗ ಎಂಜಿನ್ ನಂಬರ್ ನೋಡುತ್ತಾರೆ. ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಕ್ಲೇಮ್ ತಳ್ಳಿಹಾಕಲಿಕ್ಕೆ ಅಷ್ಟೇ ಸಾಕು.

ನಾನಾಗಿದ್ದರೆ ಇದ್ದ ಎಂಜಿನ್ನನ್ನೇ ಸರಿ ಮಾಡಿಸುತ್ತಿದ್ದೆ.

ಕುಂದಾಪುರದಿಂದ

ನಮ್ಮ ಹೈವೇ ಗುಂಡಿಗಳಿಗೆ 60 ಬಿಎಚ್‌ಪಿಯೇ ಜಾಸ್ತಿ ಆಯ್ತು ಮಾರಾಯ್ರೆ. ಮರವಂತೆಯಲ್ಲಿ ಟಾಪ್ ತೆಗೆದು ಮೆಲ್ಲಗೆ ಹೋಗಿ, ಸಾಕು.

ಕೇಳಿದವರು, ಮಣಿಪಾಲ

ಟೆಸ್ಟ್ ಮಾಡಿಸಿದೆ. ಒಂದರಿಂದ ನಾಲ್ಕರವರೆಗೆ ಕ್ರಮವಾಗಿ 165, 160, 115, 160 ಪಿಎಸ್‌ಐ. ಮೂರನೆಯದಕ್ಕೆ ಆಯಿಲ್ ಬಿಟ್ಟರೂ 120 ದಾಟಲಿಲ್ಲ. ಕ್ಲಚ್ ಸರಿ ಉಂಟು. ಮೆಕ್ಯಾನಿಕ್ ಈಗಲೂ ಫುಲ್ ಎಂಜಿನ್ ಇಳಿಸುವಾ ಅನ್ನುತ್ತಾರೆ.

ಸುರತ್ಕಲ್‌ನಿಂದ

ಬೇಡವೇ ಬೇಡ. ಉಳಿದ ಮೂರು ಚೆನ್ನಾಗಿವೆ, ಆಯಿಲಿಗೂ ಏರಲಿಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಗ್ಯಾಸ್ಕೆಟ್ ಅನ್ನುತ್ತಿದ್ದೆ. ಒಂದೇ ಬಿದ್ದಿದೆ, ಹಾಗಾಗಿ ವಾಲ್ವ್ ಮೇಲೆ ಅನುಮಾನ. ಮೊದಲು ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದಿಯಲ್ಲಿ ಬಿಡಬೇಕಾದ ಸಣ್ಣ ಸಂದು) ನೋಡಿಸಿ, ಟೈಟ್ ಆಗಿದ್ದರೂ ಹೀಗಾಗುತ್ತದೆ. ಅದು ಸರಿಯಿದ್ದರೆ ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್. ಥ್ರಾಟಲ್ ಕಡೆ ಕೇಳಿದರೆ ಇನ್‌ಲೆಟ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ಟೇ. ಹೆಡ್ ಇಳಿಸಬೇಕಾಗಿ ಬಂದರೂ ಅದೊಂದನ್ನೇ ಇಳಿಸಿ ಲೇತಿಗೆ ಕೊಡಿ, ಬ್ಲಾಕ್ ಮುಟ್ಟಬೇಡಿ.

ಗಾಳಿ ಬಿಡುವ ಅಡಾಪ್ಟರ್ ನನ್ನಲ್ಲಿ ಉಂಟು. ಭಾನುವಾರ ಉಡುಪಿಗೆ ಬರುವವನಿದ್ದೇನೆ, ತರುತ್ತೇನೆ. ಕಂಪ್ರೆಸರ್ ಮಾತ್ರ ನೀವು ಹೊಂದಿಸಿಡಿ.