‘ಆಬ್ಲಿಗೇಟ್’ ಆದ ಹಣಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲಿಷಿನ ‘ಆಬ್ಲಿಗೇಟ್’ (ಹಣವನ್ನು ಇಂಥವರಿಗೆ ಕೊಡಲೇಬೇಕಾದ ಕಟ್ಟಿಗೆ ಒಳಪಡಿಸುವುದು) ಎಂಬುದಕ್ಕೆ ಒಂದು ಕನ್ನಡ ಕ್ರಿಯಾಪದಕ್ಕಾಗಿ ಹತ್ತು ದಿನಗಳಿಂದ ತಡಕಾಡುತ್ತಿದ್ದೇನೆ. ನಿಘಂಟುಗಳನ್ನು ನೋಡಿಯಾಯಿತು, ಅವು ಕೊಡುವ ಪದಗಳಲ್ಲಿ ಯಾವುದೂ ಕೂರುತ್ತಿಲ್ಲ.

ಅಣ್ಣನ ಮಗಳು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾಳೆ. ಅವರ ಕನ್ನಡ ಕೂಟದ ರಾಜ್ಯೋತ್ಸವ ಸಂಚಿಕೆಗೆ ಒಂದು ಲೇಖನ ಬೇಕಂತೆ. ಕೋವಿಡ್ ನಂತರ ಅಲ್ಲಿನ ಒಕ್ಕೂಟ ಸರ್ಕಾರ ರಾಜ್ಯಗಳಿಗೂ ಊರುಗಳಿಗೂ ಕೊಟ್ಟ ಹಣವನ್ನು ಹೇಗೆ ಖರ್ಚು ಮಾಡಬೇಕಿತ್ತು ಎಂಬುದು ವಿಷಯ. ಇಂಗ್ಲಿಷಿನಲ್ಲಿ ಆರು ಪುಟ ಬರೆದು, "ಚಿಕ್ಕಪ್ಪ, ಮೂವತ್ತು ವರ್ಷ ಲೆಕ್ಕಪತ್ರ ಶಾಖೆಯಲ್ಲಿ ಕುಳಿತವರು ನೀವು, ಕನ್ನಡ ಮಾಡಿಕೊಡಿ" ಎಂದು ಕಳುಹಿಸಿದಳು. ನಾನು ಜಂಬದಿಂದ ಒಪ್ಪಿಕೊಂಡೆ.

ತಲೆಬರಹದಲ್ಲೇ ಎಡವಿದೆ. ‘ರಿಕವರಿ ಫಂಡ್’ ಎಂದಿತ್ತು, ನಾನು ‘ವಸೂಲಾತಿ ನಿಧಿ’ ಎಂದು ಬರೆದೆ. ಸಂಬಳದ ಬಿಲ್ಲಿನಲ್ಲಿ ಹಬ್ಬದ ಮುಂಗಡ ಕಡಿತ ಮಾಡಿದರೂ ರಿಕವರಿ, ಆಡಿಟ್ ಆಕ್ಷೇಪಣೆ ಬಂದು ಹಣ ಕಟ್ಟಿಸಿಕೊಂಡರೂ ರಿಕವರಿ. ನನ್ನ ಕೈಗೆ ಬೇರೆ ಅರ್ಥವೇ ಗೊತ್ತಿಲ್ಲ. ಕರಡನ್ನು ಓದಿದ ಅತ್ತಿಗೆ, "ಅಷ್ಟು ದುಡ್ಡನ್ನು ಪಾಪ ಯಾರಿಂದ ವಸೂಲಿ ಮಾಡುತ್ತಾರಂತೆ?" ಎಂದು ಕೇಳಿದಾಗ ನಾಚಿಕೆಯಾಯಿತು. ‘ಚೇತರಿಕೆ ನಿಧಿ’ ಎಂದು ತಿದ್ದಿದೆ. ಆದರೆ ಅದೇ ನಿಯಮದಲ್ಲಿ ‘ರಿಕೂಪ್’ ಎಂಬ ಮಾತೂ ಇದೆ. ನಿಯಮ ಮೀರಿ ಖರ್ಚು ಮಾಡಿದ್ದರೆ ಕೇಂದ್ರ ಆ ಹಣವನ್ನು ವಾಪಸು ಕಿತ್ತುಕೊಳ್ಳುವುದು. ಅಂದರೆ ಚೇತರಿಕೆಯ ಹೊಟ್ಟೆಯಲ್ಲೇ ವಸೂಲಿಯೂ ಇದೆ. ನನ್ನ ತಪ್ಪು ಪೂರ್ತಿ ತಪ್ಪಲ್ಲ ಎಂದು ಅತ್ತಿಗೆಗೆ ಇನ್ನೂ ಹೇಳಿಲ್ಲ.

ಹಿನ್ನೆಲೆ ಚುಟುಕಾಗಿ ಇಷ್ಟು. 2021ರ ಮಾರ್ಚ್ 11ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯಿದೆಯಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ, ಬುಡಕಟ್ಟು ಸರ್ಕಾರಗಳಿಗೆಂದು 35,000 ಕೋಟಿ ಡಾಲರ್ ಇಟ್ಟರು. ಖರ್ಚಿಗೆ ನಾಲ್ಕು ದಾರಿ: ಸಾಂಕ್ರಾಮಿಕವನ್ನೂ ಅದರಿಂದಾದ ಆರ್ಥಿಕ ಪೆಟ್ಟನ್ನೂ ಎದುರಿಸುವುದು, ಅಗತ್ಯ ಸೇವೆಯ ಕೆಲಸಗಾರರಿಗೆ ಹೆಚ್ಚಿನ ಸಂಬಳ, ಸರ್ಕಾರದ ವರಮಾನಕ್ಕೆ ಬಿದ್ದ ಹೊಡೆತವನ್ನು ತುಂಬಿಕೊಳ್ಳುವುದು, ಮತ್ತು ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್ ಕಾಮಗಾರಿ. ವಿವರವಾದ ನಿಯಮ ಮಾಡಿದ್ದು ಅಲ್ಲಿನ ಟ್ರೆಷರಿ. (ಇದನ್ನು ‘ಖಜಾನೆ’ ಎನ್ನಬೇಡಿ. ಖಜಾನೆ ಎಂದರೆ ನಮಗೆ ಬಿಲ್ಲು ಪಾಸಾಗುವ ಜಿಲ್ಲಾ ಕಚೇರಿಯ ಕಿಟಕಿ ಕಣ್ಣಿಗೆ ಬರುತ್ತದೆ. ಅದು ಅವರ ಹಣಕಾಸು ಖಾತೆ, ಹಾಗೆಯೇ ಬರೆದಿದ್ದೇನೆ.)

ಈಗ ನನ್ನ ತೊಡಕಿಗೆ ಬರುತ್ತೇನೆ. ಈ ಹಣಕ್ಕೆ ಎರಡು ಗಡುವುಗಳಿವೆ. 2024ರ ಡಿಸೆಂಬರ್ 31ರೊಳಗೆ ಹಣ ‘ಆಬ್ಲಿಗೇಟ್’ ಆಗಿರಬೇಕಿತ್ತು, 2026ರ ಡಿಸೆಂಬರ್ 31ರೊಳಗೆ ‘ಎಕ್ಸ್‌ಪೆಂಡ್’ ಆಗಬೇಕು. ಎರಡನೆಯದಕ್ಕೆ ‘ವೆಚ್ಚ’ ಎಂದರೆ ಮುಗಿಯಿತು. ಮೊದಲನೆಯದಕ್ಕೆ ಏನೆನ್ನೋಣ?

‘ಬದ್ಧಗೊಳಿಸು’ ಎಂಬುದು ಥಟ್ಟನೆ ಹೊಳೆಯುವ ಪದ. ಆದರೆ ನಮ್ಮ ಬಜೆಟ್ ಭಾಷೆಯಲ್ಲಿ ‘ಬದ್ಧ ವೆಚ್ಚ’ ಎಂದರೆ ಸಂಬಳ, ಪಿಂಚಣಿ, ಸಾಲದ ಬಡ್ಡಿ, ಅಂದರೆ ವರ್ಷ ವರ್ಷ ತಪ್ಪಿಸಿಕೊಳ್ಳಲಾಗದ ಖರ್ಚು. ಪತ್ರಿಕೆ ಓದುವ ಯಾರಿಗೂ ಆ ಅರ್ಥವೇ ಮೊದಲು ತಟ್ಟುತ್ತದೆ. ‘ಮಂಜೂರು’ ಎಂದರೆ ಹಣ ಕೊಡಲು ಒಪ್ಪಿಗೆ ಸಿಕ್ಕಿತು, ಅಷ್ಟೇ. ‘ವಿನಿಯೋಗ’ವನ್ನು ಶಾಸನಸಭೆಯ ಧನವಿನಿಯೋಗ ವಿಧೇಯಕ ಹಿಡಿದುಕೊಂಡಿದೆ. ‘ಮೀಸಲಿಡು’ ಎಂದರೆ ಎತ್ತಿಟ್ಟದ್ದು, ಮನಸ್ಸು ಬದಲಾದರೆ ತೆಗೆಯಬಹುದು.

‘ಮುಡಿಪು’ ಆಗಬಹುದೇ ಎಂದು ಒಂದು ಸಂಜೆಯೆಲ್ಲ ಯೋಚಿಸಿದೆ. ನಮ್ಮ ಅಜ್ಜಿ ಹಳದಿ ಬಟ್ಟೆಯ ತುಂಡಿನಲ್ಲಿ ನಾಣ್ಯ ಕಟ್ಟಿ ದೇವರ ಗೂಡಿನ ಮೊಳೆಗೆ ತೂಗುಹಾಕುತ್ತಿದ್ದರು. ಮನೆಯಲ್ಲಿ ಎಣ್ಣೆಗೆ ಕಾಸಿಲ್ಲದ ದಿನವೂ ಆ ಗಂಟನ್ನು ಬಿಚ್ಚುತ್ತಿರಲಿಲ್ಲ. ಮುಟ್ಟಬಾರದ ಹಣ ಎಂಬ ಭಾವವೇನೋ ಸರಿಯಾಗಿದೆ. ಆದರೆ ಮುಡಿಪು ಕಟ್ಟಿದವರ ಮನಸ್ಸಿನ ಮಾತು. ದೇವರು ಬಂದು ಕಚೇರಿಯಲ್ಲಿ ಬಾಕಿ ಕೇಳುವುದಿಲ್ಲ. ಅಮೆರಿಕದ ನಿಯಮ ನಿಂತಿರುವುದು ಸರಿಯಾಗಿ ಇದೇ ವ್ಯತ್ಯಾಸದ ಮೇಲೆ. ಬಜೆಟ್ಟಿನಲ್ಲಿ ಸೇರಿಸಿದರೆ ಸಾಲದು, ಸಭೆ ಠರಾವು ಮಾಡಿದರೂ ಸಾಲದು, ಇಂಥದ್ದಕ್ಕೆ ಖರ್ಚು ಮಾಡುತ್ತೇವೆ ಎಂಬ ಹೇಳಿಕೆಯಂತೂ ಲೆಕ್ಕಕ್ಕೇ ಇಲ್ಲ. ಸಾಮಾನಿಗೆ ಆರ್ಡರ್ ಕೊಟ್ಟಿರಬೇಕು ಅಥವಾ ಗುತ್ತಿಗೆಗೆ ಸಹಿ ಬಿದ್ದಿರಬೇಕು. ಹಣ ಕೊಡಿ ಎಂದು ಕೇಳುವ ಹಕ್ಕುಳ್ಳವನೊಬ್ಬ ಆಚೆ ಕಡೆ ನಿಂತಿರಬೇಕು. ಅಲಬಾಮಾ ರಾಜ್ಯ 2021ರಲ್ಲಿ ಹೊಸ ಜೈಲುಗಳಿಗೆಂದು ಈ ನಿಧಿಯಿಂದ 40 ಕೋಟಿ ಡಾಲರ್ ತೆಗೆದಿಟ್ಟಿತು. ಶಾಸನಸಭೆ ಒಪ್ಪಿದ ಆ ದಿನ ಆದದ್ದು ‘ಮೀಸಲು’. ನನಗೆ ಬೇಕಾದ ಪದ ಹುಟ್ಟುವುದು ಕಟ್ಟಡ ಕಟ್ಟುವವನ ಜೊತೆ ಕಾಗದವಾದ ದಿನ.

ನಮ್ಮ ಕಚೇರಿಗಳಲ್ಲಿ ಈ ಹಂತ ಇಲ್ಲವೆಂದಲ್ಲ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು ಪತ್ರ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು. ಪ್ರತಿ ಮೆಟ್ಟಿಲಿಗೂ ಕಾಗದದ ಹೆಸರಿದೆ. ಆದರೆ ಕರಾರಿಗೆ ಸಹಿಯಾದ ಗಳಿಗೆಯಲ್ಲಿ ಹಣಕ್ಕೆ ಏನಾಯಿತು ಎಂದು ಹೇಳುವ ಪದವನ್ನು ನಾನು ಯಾವ ಕಡತದಲ್ಲೂ ಕಂಡಿಲ್ಲ. ಕಡತದಲ್ಲಿ ಕಾಣದಿದ್ದರೂ ಕಿವಿಯಲ್ಲಿ ಒಂದಿದೆ. ಒಂದು ಮಾರ್ಚ್ ಕೊನೆಯ ವಾರ, ಸಂಜೆ ಏಳು ಗಂಟೆ, ಚರಂಡಿ ಕಾಮಗಾರಿಯ ಕರಾರು ಪತ್ರಕ್ಕೆ ಆಗಷ್ಟೇ ಸಹಿಯಾಗಿತ್ತು. ಗುತ್ತಿಗೆದಾರ ಛಾಪಾ ಕಾಗದದ ಮೇಲಿನ ಶಾಯಿಯನ್ನು ಊದಿ ಒಣಗಿಸುತ್ತ ನನ್ನತ್ತ ನೋಡಿ, "ದುಡ್ಡು ಕರಾರಿಗೆ ಬಿತ್ತು ರಾಯರೇ, ಇನ್ನು ನೀವು ಮುಟ್ಟುವ ಹಾಗಿಲ್ಲ" ಎಂದ. ಆಗ ಅದು ಅಧಿಕಪ್ರಸಂಗವಾಗಿ ಕೇಳಿಸಿತ್ತು. ಈಗ ಅದಕ್ಕಿಂತ ಒಳ್ಳೆಯ ಅನುವಾದ ನನಗೆ ಸಿಗುತ್ತಿಲ್ಲ.

‘ಕರಾರಿಗೆ ಬಿದ್ದ ಹಣ’ ಎಂದೇ ಬರೆದುಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅಣ್ಣನ ಮಗಳು ಆರನೆಯ ಪುಟ ನೋಡಲು ಹೇಳಿದಳು. 2023ರ ನವೆಂಬರಿನಲ್ಲಿ ಹಣಕಾಸು ಖಾತೆ ಈ ಪದದ ವ್ಯಾಖ್ಯೆಯನ್ನು ಹಿಗ್ಗಿಸಿತಂತೆ. ಆಮೇಲೆ ಕೊಟ್ಟ ವಿವರಣೆಗಳ ಪ್ರಕಾರ, ಗಡುವಿಗೆ ಮೊದಲೇ ಹುದ್ದೆ ಸೃಷ್ಟಿಸಿ ಜನರನ್ನು ನೇಮಿಸಿಕೊಂಡಿದ್ದರೆ ಅವರ ಮುಂದಿನ ಸಂಬಳವನ್ನೂ ‘ಆಬ್ಲಿಗೇಟ್’ ಆಯಿತೆಂದು ಎಣಿಸಬಹುದು. ಒಂದೇ ಸರ್ಕಾರದ ಎರಡು ಇಲಾಖೆಗಳು ಷರತ್ತು ಪಾಲಿಸಿ ಒಡಂಬಡಿಕೆ ಮಾಡಿಕೊಂಡರೆ ಅದೂ ನಡೆಯುತ್ತದೆ. ಹುದ್ದೆಯಲ್ಲಿ ಕುಳಿತ ಗುಮಾಸ್ತನ ಸಂಬಳ ‘ಕರಾರಿಗೆ ಬಿತ್ತು’ ಎಂದರೆ ನಗುತ್ತಾರೆ. ಅಲ್ಲಿಗೆ ನನ್ನ ಗುತ್ತಿಗೆದಾರನ ಮಾತೂ ಅರ್ಧ ದಾರಿಗೆ ಕೈಕೊಟ್ಟಿತು. ‘ಸಂಚಕಾರ’ ನೆನಪಿಗೆ ಬಂತು. ವ್ಯಾಪಾರ ಕುದುರಿದ್ದಕ್ಕೆ ಕೊಡುವ ಮುಂಗಡ ಎಂಬುದು ಅದರ ಹಳೆಯ ಅರ್ಥ. ಈಗ ‘ನಿಧಿಗೆ ಸಂಚಕಾರವಾಯಿತು’ ಎಂದು ಬರೆದರೆ ಯಾರೋ ನುಂಗಿದರು ಎಂದೇ ಓದಿಕೊಳ್ಳುತ್ತಾರೆ.

ಉಳಿದ ಪದಗಳ ಬಗ್ಗೆಯೂ ಅಭಿಪ್ರಾಯ ಹೇಳಿ, ಅವು ಇಷ್ಟು ಕಾಡಿಲ್ಲ.

‘ರೆವಿನ್ಯೂ ಲಾಸ್’ ಎಂಬುದಕ್ಕೆ ‘ವರಮಾನ ಖೋತಾ’ ಎಂದಿದ್ದೇನೆ. ‘ರಾಜಸ್ವ ಕೊರತೆ’ ಬೇಡ, ಅದು ಬಜೆಟ್ಟಿನಲ್ಲಿ ರಾಜಸ್ವ ವೆಚ್ಚ ರಾಜಸ್ವ ವರಮಾನವನ್ನು ಮೀರುವುದು. ಇಲ್ಲಿಯದು ಬರಬೇಕಾದದ್ದು ಬಾರದೇ ಹೋದದ್ದು. ಸಾಂಕ್ರಾಮಿಕ ಬಾರದೆ ಇದ್ದಿದ್ದರೆ ವರಮಾನ ವರ್ಷಕ್ಕೆ ಕನಿಷ್ಠ ಶೇ 5.2ರಂತೆ ಬೆಳೆಯುತ್ತಿತ್ತು ಎಂದು ಹಿಡಿದು, ನಿಜವಾಗಿ ಬಂದದ್ದನ್ನು ಅದರಿಂದ ಕಳೆಯಬೇಕು. ಖೋತಾ ಎಂಬ ಪತ್ರಿಕೆಯ ಪದ ಇದಕ್ಕೆಂದೇ ಹುಟ್ಟಿದಂತಿದೆ. ತಮಾಷೆಯೆಂದರೆ, 2022ರ ಜನವರಿಯ ಅಂತಿಮ ನಿಯಮದ ಪ್ರಕಾರ ಪ್ರತಿ ಸರ್ಕಾರವೂ ಲೆಕ್ಕವನ್ನೇ ಹಾಕದೆ, ತನಗೆ ಬಂದ ಅನುದಾನ ಮೀರದಂತೆ, 1 ಕೋಟಿ ಡಾಲರ್‌ವರೆಗೆ ಖೋತಾ ಆಗಿದೆ ಎಂದು ಹೇಳಿಕೊಳ್ಳಬಹುದಿತ್ತು. ಆ ಹಣವನ್ನು ಸರ್ಕಾರ ಮಾಮೂಲಾಗಿ ಮಾಡುವ ಹೆಚ್ಚುಕಡಿಮೆ ಯಾವ ಕೆಲಸಕ್ಕಾದರೂ ಹಾಕಬಹುದು. ಸಣ್ಣ ಊರುಗಳ ಮಟ್ಟಿಗೆ ನಾಲ್ಕು ದಾರಿಗಳೂ ಈ ಒಂದು ಬಾಗಿಲಲ್ಲಿ ಬಂದು ಸೇರಿದವು ಎಂದೇ ನನಗೆ ಅನಿಸಿತು.

‘ಪ್ರೀಮಿಯಂ ಪೇ’ ಎಂದರೆ ಗಂಟೆಗೆ ಹೆಚ್ಚೆಂದರೆ 13 ಡಾಲರ್, ಒಬ್ಬರಿಗೆ ಒಟ್ಟು 25,000 ಡಾಲರ್ ಮೀರದಂತೆ ಕೊಡುವ ಮೇಲಿನ ಸಂಬಳ. ಪ್ರೀಮಿಯಂ ಎಂದೊಡನೆ ನಮ್ಮವರಿಗೆ ವಿಮಾ ಕಂತು ನೆನಪಾಗುತ್ತದೆ. ‘ಪ್ರೋತ್ಸಾಹಧನ’, ‘ಗೌರವಧನ’ ಎರಡನ್ನೂ ಆಶಾ ಕಾರ್ಯಕರ್ತೆಯರ ಸಂಬಳಕ್ಕೆ ಸಂಬಳ ಎನ್ನದಿರಲು ಬಳಸಿ ಸವೆಸಿದ್ದೇವೆ, ನನಗೆ ಮನಸ್ಸಿಲ್ಲ. ‘ಅಪಾಯ ಭತ್ಯೆ’ ಎಂದು ಹಾಕಿದ್ದೇನೆ. ಭತ್ಯೆ ಸರಿಯೇ?

‘ರೇನಿ ಡೇ ಫಂಡ್’ಗೆ, ಅಂದರೆ ಕಷ್ಟಕಾಲಕ್ಕೆಂದು ಸರ್ಕಾರ ಕೂಡಿಡುವ ನಿಧಿಗೆ, ಈ ಹಣ ತುಂಬುವಂತಿಲ್ಲ. ‘ಮಳೆಗಾಲದ ನಿಧಿ’ ಎಂದು ಬರೆದವರನ್ನು ನಾನು ಕಂಡಿದ್ದೇನೆ. ಮಳೆ ಬಂದರೆ ನಮಗೆ ಸುಗ್ಗಿಯಲ್ಲವೇ? ‘ಆಪದ್ಧನ’ ಎಂದಿದ್ದೇನೆ. ಪಿಂಚಣಿ ನಿಧಿಯ ಹಳೆಯ ಕೊರತೆ ತುಂಬಲು ದೊಡ್ಡ ಮೊತ್ತ ಸುರಿಯುವುದಕ್ಕೂ (ನಿಯಮದಲ್ಲಿ ಇದು ‘ಡಿಪಾಸಿಟ್’, ನಾನು ‘ಠೇವಣಿ’ ಎಂದಿದ್ದೇನೆ) ತಡೆಯಿದೆ, ಆದರೆ ನೌಕರರ ಮಾಮೂಲು ಪಿಂಚಣಿ ವಂತಿಕೆಗೆ ಅಡ್ಡಿಯಿಲ್ಲ. ಹಾಗಾಗಿ ‘ಠೇವಣಿ’ ಮತ್ತು ‘ವಂತಿಕೆ’ ಬೇರೆ ಬೇರೆಯಾಗಿಯೇ ಉಳಿಯಬೇಕು. ತೆರಿಗೆ ಇಳಿಸಿ ಆದ ನಷ್ಟವನ್ನು ರಾಜ್ಯಗಳು ಇದರಿಂದ ಸರಿದೂಗಿಸಬಾರದು ಎಂಬ ಷರತ್ತಿನ ಮೇಲೆ ಒಹಾಯೊ ಮೊದಲಾದ ರಾಜ್ಯಗಳು ಕೋರ್ಟಿಗೆ ಹೋದವು. ಅಲ್ಲಿ ಜಗಳ ಅವರದು, ಪದದ ತೊಡಕು ನಮಗಿಲ್ಲ.

ಇನ್ನೊಂದು: 2021ರ ಮೇ ತಿಂಗಳಿನ ಮೊದಲ ನಿಯಮದ ಹೆಸರು ‘ಇಂಟರಿಮ್ ಫೈನಲ್ ರೂಲ್’. ‘ಮಧ್ಯಂತರ ಅಂತಿಮ ನಿಯಮ’ ಎಂದು ಬರೆದು ಜೋರಾಗಿ ಓದಿ ನೋಡಿ. ನಾನು ‘ಆಕ್ಷೇಪಣೆಗೆ ಒಳಪಟ್ಟು ಜಾರಿಯಾದ ನಿಯಮ’ ಎಂದು ಬಿಡಿಸಿ ಬರೆದೆ. ಉದ್ದವಾಯಿತು, ಆದರೆ ಅರ್ಥವಾಗುತ್ತದೆ.

ಸಂಚಿಕೆಯವರಿಗೆ ಮುಂದಿನ ಸೋಮವಾರದೊಳಗೆ ಕೊಡಬೇಕು. ಸದ್ಯಕ್ಕೆ ನನ್ನ ವಾಕ್ಯ ಹೀಗಿದೆ: "2024ರ ಡಿಸೆಂಬರ್ 31ರೊಳಗೆ ಕರಾರಿಗೆ ಬೀಳದ ಹಣವನ್ನು ಕೇಂದ್ರಕ್ಕೆ ಹಿಂದಿರುಗಿಸಬೇಕು." ಗುಮಾಸ್ತನ ಸಂಬಳವೂ ಒಳಗೆ ಬರುವಂತೆ, ಅತ್ತಿಗೆ ಮತ್ತೆ ಪ್ರಶ್ನೆ ಕೇಳದಂತೆ, ಇದನ್ನು ನೀವಾದರೆ ಹೇಗೆ ಬರೆಯುತ್ತೀರಿ?