ಗೋಪಾಲಸ್ವಾಮಿಯವರ ಆಕಾಶವಾಣಿ ನೆನಪಿಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಕೇಂದ್ರ: ಆಂಟೆನಾ ಹೇಗಿರಲಿ?

ತಂತಿಮನೆ: ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 1935ರ ಸೆಪ್ಟೆಂಬರ್ 10ರಂದು ಬಾನುಲಿ ಆರಂಭಿಸಿದ್ದರಲ್ಲ, ಅದೇ ದಿನ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಸುತ್ತಲಿನ ಹ್ಯಾಮ್ ತರಂಗಪಟ್ಟಿ) ಸ್ಮರಣಾ ಕೇಂದ್ರ ನಡೆಸುವ ಯೋಚನೆಯಿದೆ. ಆಂಟೆನಾ ಅಳತೆ ತಿಳಿಸಿ. ಹಳೆಯ ಧ್ವನಿಮುದ್ರಣ ಹಾಕಬಹುದೇ?

ಡೈಪೋಲ್ ಭಟ್ಟರು: 7.1 ಮೆಗಾಹರ್ಟ್ಸ್‌ಗೆ ಒಟ್ಟು 20.1 ಮೀಟರ್ ತಂತಿಯ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ಆಂಟೆನಾ). ಕಟ್ಟುವಾಗ ಪ್ರತಿ ಕಡೆ 30 ಸೆಂ.ಮೀ. ಹೆಚ್ಚೇ ಬಿಡಿ. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಮರಳುವ ಶಕ್ತಿಯ ಸೂಚಕ) 6.95 ಮೆಗಾಹರ್ಟ್ಸ್‌ನಲ್ಲಿ ಕನಿಷ್ಠವಾದರೆ ತಂತಿ ಉದ್ದವಾಗಿದೆ ಎಂದರ್ಥ. ಎರಡೂ ತುದಿ ಸುಮಾರು 20 ಸೆಂ.ಮೀ. ಹಿಂದಕ್ಕೆ ಮಡಚಿ ಸುತ್ತಿ, ಕತ್ತರಿಸಬೇಡಿ. ನಡುವೆ 1:1 ಕರೆಂಟ್ ಬಾಲನ್ (ಕೇಬಲಿನ ಹೊರಮೈಯಲ್ಲಿ ವಿದ್ಯುತ್ ಹರಿಯದಂತೆ ತಡೆಯುವ ಸಾಧನ) ಇರಲಿ. ಇಲ್ಲದಿದ್ದರೆ ಕೋಆಕ್ಸಿನ (ಆಂಟೆನಾ ಕೇಬಲಿನ) ಹೊರಕವಚದಲ್ಲಿ ರೇಡಿಯೊ ಶಕ್ತಿ, ಅಂದರೆ ಆರ್‌ಎಫ್ ಹರಿದು ಮೈಕಿಗೆ ನುಗ್ಗುತ್ತದೆ, ಮಾತು ಒಡೆಯುತ್ತದೆ. 8–10 ಮೀಟರ್ ಎತ್ತರ ಸಾಕು. ಅಲೆ ಬಹುಪಾಲು ನೇರ ಮೇಲಕ್ಕೆ ಹೋಗುವುದರಿಂದ ಹಗಲಲ್ಲಿ ಕರ್ನಾಟಕವಿಡೀ ಸಿಗುತ್ತದೆ. ಅದೇ ತಾನೇ ಬೇಕಿರುವುದು!

ಲಾಗ್‌ಬುಕ್: ಧ್ವನಿಮುದ್ರಣ ಬೇಡವೇ ಬೇಡ. ಹ್ಯಾಮ್ ಪರವಾನಗಿಯಲ್ಲಿ ಸಂಗೀತವಾಗಲಿ ಪ್ರಸಾರವಾಗಲಿ ಇಲ್ಲ. ಮುದ್ರಿಕೆಗಳನ್ನು ಸಭಾಂಗಣದ ಸ್ಪೀಕರಿನಲ್ಲಿ ಕೇಳಿಸಿ. ವಿಶೇಷ ಕರೆಸಂಕೇತಕ್ಕೆ (ಕೇಂದ್ರದ ಗುರುತಿನ ಹೆಸರಿಗೆ) ಡಬ್ಲ್ಯೂಪಿಸಿಗೆ (ದೂರಸಂಪರ್ಕ ಇಲಾಖೆಯ ಪರವಾನಗಿ ವಿಭಾಗಕ್ಕೆ) ಬೇಗ ಅರ್ಜಿ ಹಾಕಿ. ಕ್ಯೂಎಸ್‌ಎಲ್ ಕಾರ್ಡಿನಲ್ಲಿ (ಸಂಪರ್ಕ ಆಯಿತೆಂದು ದೃಢಪಡಿಸುವ ಕಾರ್ಡು) ಸಮಯ ಯುಟಿಸಿಯಲ್ಲಿರಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ): ನಮ್ಮ ಬೆಳಗಿನ 5:30ಕ್ಕಿಂತ ಮುಂಚಿನ ಸಂಪರ್ಕಕ್ಕೆ ಹಿಂದಿನ ದಿನದ ತಾರೀಕು ಬೀಳುತ್ತದೆ.