ಭಾನುವಾರದ ಫೋನ್ ಮುಗಿದ ಮೇಲೆ: ಡಾಕ್ಟರಮ್ಮನಿಗೆ ಪ್ರಶ್ನೆಗಳು

ಅಡ್ಮಿನ್, ಹಾಸನ: ಎಲ್ಲರಿಗೂ ನಮಸ್ಕಾರ. ಚಿಲ್ಕಾದಲ್ಲಿ ನೌಕಾಪಡೆ ತರಬೇತಿಯಲ್ಲಿರುವ ನಮ್ಮ ಮಕ್ಕಳ ಭಾನುವಾರದ ಫೋನ್ ಬಂದಿರಬೇಕು. ಹೇಳಿದ ಹಾಗೆ ಇವತ್ತು ರಾತ್ರಿ 8ರಿಂದ ಡಾಕ್ಟರಮ್ಮ ಗುಂಪಿನಲ್ಲಿ ಇರುತ್ತಾರೆ. ನೌಕಾಪಡೆಯಲ್ಲಿ ಡಾಕ್ಟರಾಗಿ ನಿವೃತ್ತರಾದವರು, ಈಗ ನಮ್ಮ ಹಾಸನದಲ್ಲೇ ಇದ್ದಾರೆ. ಕೇಳುವವರು ನಿಮ್ಮ ಊರು, ಮಕ್ಕಳು ತರಬೇತಿಗೆ ಹೋಗಿ ಎಷ್ಟು ವಾರ ಆಯಿತು ಅಂತ ಬರೆಯಿರಿ. ಗುಡ್ ನೈಟ್ ಫೋಟೋ ದಯವಿಟ್ಟು ಬೇಡ.

ಬೇಲೂರಿನ ಅಪ್ಪ: ನಮಸ್ತೆ ಮೇಡಂ. ಮಗ ಚಿಲ್ಕಾಕ್ಕೆ ಹೋಗಿ ಮೂರು ವಾರ. ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಎರಡು ಸಲ ವಾಂತಿ ಮಾಡುವ ಹುಡುಗ. ಹಡಗಿನಲ್ಲಿ ಹೇಗೆ ಇರುತ್ತಾನೋ? ಏನಾದರೂ ಮಾತ್ರೆ ಈಗಲೇ ಕಳಿಸಬಹುದಾ?

ಡಾಕ್ಟರಮ್ಮ: ನಮಸ್ಕಾರ. ಐಎನ್‌ಎಸ್ ಚಿಲ್ಕಾ ಹಡಗಲ್ಲ. ಒಡಿಶಾದ ಚಿಲಿಕಾ ಸರೋವರದ ದಡದಲ್ಲಿರುವ ತರಬೇತಿ ಕೇಂದ್ರ. ನಿಮ್ಮ ಮಗ ಸದ್ಯ ನೆಲದ ಮೇಲೆ ಇದ್ದಾನೆ. ಹಡಗು ಹತ್ತಿದ ಮೇಲೆ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ, ಹೆಚ್ಚಿನವರಿಗೆ ಆಮೇಲೆ ಒಗ್ಗುತ್ತದೆ. ಕ್ಯಾಬಿನ್ ಒಳಗೆ ಕೂತಾಗ ಕಣ್ಣಿಗೆ ಎಲ್ಲ ನಿಂತ ಹಾಗೆ ಕಾಣುತ್ತದೆ, ಒಳಗಿವಿ ಮಾತ್ರ ಅಲ್ಲಾಡುತ್ತಿದ್ದೇವೆ ಅನ್ನುತ್ತದೆ. ಅವೆರಡರ ಜಗಳ ಅದು. ಮೇಲೆ ಬಂದು ದೂರದ ಸಮುದ್ರದ ಅಂಚನ್ನು ನೋಡುತ್ತಾ ನಿಂತರೆ ಬೇಗ ಸುಧಾರಿಸುತ್ತದೆ. ಮಾತ್ರೆಯಿಂದ ನಿದ್ದೆ ಬರುತ್ತದೆ. ಹಡಗಿನಲ್ಲಿ ಕೇಳಿ ತಗೊಳ್ಳಬೇಕು, ಬೇಲೂರಿನಿಂದ ಪಾರ್ಸೆಲ್ ಅಲ್ಲ.

ಅರಸೀಕೆರೆ ಅಮ್ಮ: ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು. "ಬಸ್, ಹಡಗು, ವಿಮಾನ ಯಾವುದರಲ್ಲೂ ವಾಂತಿ ಬರಲ್ಲ! ಹೊಟ್ಟೆಗೆ ನ್ಯೂಸ್ ಪೇಪರ್ ಸುತ್ತಿ ಕಟ್ಟಿ. ಮೂಗಿನ ಹತ್ತಿರ ಕರ್ಪೂರ ಇಡಿ. ಹತ್ತು ಜನರಿಗೆ ಕಳಿಸಿ."

ಡಾಕ್ಟರಮ್ಮ: ಪೇಪರ್ ಓದುವುದಕ್ಕೆ. ಕರ್ಪೂರ ದೇವರಿಗೆ.

ಆಲೂರಿನ ಅಪ್ಪ: ಮೇಡಂ ನಮ್ಮ ಹುಡುಗನಿಗೆ ಈಜು ಬರುವುದಿಲ್ಲ. ತೊಂದರೆ ಆಗುತ್ತಾ?

ಡಾಕ್ಟರಮ್ಮ: ಕಲಿಸುತ್ತಾರೆ.

ಹೊಳೆನರಸೀಪುರದ ಅಮ್ಮ: ಮೇಡಂ, ಮಗನಿಗೆ ಒಂಬತ್ತನೇ ವಾರ. ಬಲಗಾಲು, ಮಂಡಿಯಿಂದ ಕೆಳಗೆ ಮೂಳೆ ನೋವು ಅಂತ ಎರಡು ವಾರದಿಂದ ಹೇಳುತ್ತಿದ್ದ. ರಾತ್ರಿ ಮಲಗಿದರೂ ನೋಯುತ್ತೆ ಅಂತ ಇವತ್ತು ಅಂದ. ಜೊತೆಯವನ ಹತ್ತಿರ ನೋವಿನ ಮಾತ್ರೆ ಇಸ್ಕೊಂಡು ದಿನಕ್ಕೆ ಎರಡು ನುಂಗಿ ಓಡುತ್ತಿದ್ದಾನೆ. ಡಾಕ್ಟರಿಗೆ ತೋರಿಸು ಅಂದರೆ ಬೇಡ ಅಂತಾನೆ. ತೋರಿಸಿದರೆ ರೆಲಿಗೇಟ್ ಮಾಡಿ ಮುಂದಿನ ಬ್ಯಾಚಿಗೆ ಹಾಕುತ್ತಾರಂತೆ. ನಮ್ಮ ಕಡೆ ಒಬ್ಬರು ಮೂಳೆ ನೋವಿಗೆ ಎಣ್ಣೆ ಕೊಡುತ್ತಾರೆ. ಕಳಿಸಲಾ?

ಡಾಕ್ಟರಮ್ಮ: ಕಳಿಸಬೇಡಿ. ಮೊದಲು ಇದಕ್ಕೆ ಉತ್ತರ ಕೊಡಿ. ನೋವು ಒಂದೇ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲೋ, ಮೂಳೆ ಉದ್ದಕ್ಕೂನೋ? ಓಡುತ್ತಾ ಓಡುತ್ತಾ ಕಡಿಮೆ ಆಗುತ್ತಾ, ಜಾಸ್ತಿ ಆಗುತ್ತಾ? ಮೂತ್ರದ ಬಣ್ಣ ಏನಾದರೂ ಬದಲಾಗಿದೆಯಾ?

ಸಕಲೇಶಪುರದ ಅಪ್ಪ: ಕ್ಯಾಲ್ಸಿಯಂ ಕಡಿಮೆ ಇರಬೇಕು ಅಕ್ಕ. ರಾಗಿ ಹುರಿಹಿಟ್ಟು ಕಳಿಸಿ.

ಹೊಳೆನರಸೀಪುರದ ಅಮ್ಮ: ಒಂದೇ ಜಾಗ ಮೇಡಂ. "ಅಮ್ಮ, ಬೆರಳಿಟ್ಟರೆ ಜೀವ ಹೋಗುತ್ತೆ" ಅಂದ. ಓಡಿದಷ್ಟೂ ಜಾಸ್ತಿ. ಮೂತ್ರದ್ದು ಕೇಳಲಿಲ್ಲ. ಇನ್ನು ಫೋನ್ ಸಿಗುವುದು ಮುಂದಿನ ಭಾನುವಾರವೇ.

ಚನ್ನರಾಯಪಟ್ಟಣದ ಅಮ್ಮ: ಮೇಡಂ, ಮಗಳು ಹೋಗಿ ಹನ್ನೆರಡು ವಾರ. ಎರಡು ತಿಂಗಳಿಂದ ಮುಟ್ಟು ಆಗಿಲ್ಲವಂತೆ. ಊಟ ಸೇರುತ್ತಿಲ್ಲ, ತುಂಬಾ ಇಳಿದುಹೋಗಿದ್ದಾಳೆ. ಇಲ್ಲಿ ಕೇಳೋಕೆ ಸಂಕೋಚ, ಆದರೂ ಕೇಳಿದೆ.

ಡಾಕ್ಟರಮ್ಮ: ಹೊಳೆನರಸೀಪುರದ ಅಮ್ಮ, ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ಇದು ಸ್ಟ್ರೆಸ್ ಫ್ರಾಕ್ಚರ್ ಇರಬಹುದು ಅಂತ ನನಗೆ ಅನುಮಾನ. ಅಂದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿದ್ದು ಆದದ್ದಲ್ಲ. ಶಿರಾಡಿ ಘಾಟಿಯಲ್ಲಿ ರಸ್ತೆ ರಿಪೇರಿ ನೋಡಿದ್ದೀರಲ್ಲ? ಹಳೆಯದನ್ನು ಮೊದಲು ಕಿತ್ತು ಹಾಕುತ್ತಾರೆ. ಹೊಸದು ಹಾಕುವವರೆಗೆ ರಸ್ತೆ ಮೊದಲಿಗಿಂತ ಹಾಳಾಗಿರುತ್ತದೆ. ಮೂಳೆಯೂ ಹಾಗೇ. ಇದ್ದಕ್ಕಿದ್ದಂತೆ ಓಟ, ಪರೇಡ್, ಬೂಟು ಎಲ್ಲ ಜಾಸ್ತಿಯಾದಾಗ ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳಲು ಶುರು ಮಾಡುತ್ತದೆ. ಅದಕ್ಕೆ ಹಳೆಯದನ್ನು ಮೊದಲು ಕರಗಿಸುತ್ತದೆ. ತರಬೇತಿಯ ಮೊದಲ ಎರಡು ತಿಂಗಳು ಅದು ಕಿತ್ತು ಹಾಕಿದ ರಸ್ತೆ. ನಿಮ್ಮ ಮಗ ಅದರ ಮೇಲೆ ದಿನಾ ಲಾರಿ ಓಡಿಸುತ್ತಿದ್ದಾನೆ. ನೋವಿನ ಮಾತ್ರೆ ಏನು ಮಾಡುತ್ತದೆ ಗೊತ್ತಾ? "ರಸ್ತೆ ಕಾಮಗಾರಿ" ಅನ್ನುವ ಬೋರ್ಡನ್ನು ತೆಗೆದು ಹಾಕುತ್ತದೆ, ಅಷ್ಟೇ.

ಇನ್ನೊಂದು. ಬೆವರು ಸುರಿಸಿ, ನೀರು ಸಾಲದೆ, ದಿನಾ ಅಂಥ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಅರ್ಧ ಗಂಟೆಯೂ ಕಾಯಬಾರದು. ಅದಕ್ಕೇ ಕೇಳಿದ್ದು.

ಎಣ್ಣೆ ಹಾಕಿ ತಿಕ್ಕುವುದು ಬೇಡ. ಕಟ್ಟು ಬೇಡ. ಓಟ ನಿಲ್ಲಿಸಿ ಸಿಕ್ ಬೇಗೆ, ಅಂದರೆ ಅಲ್ಲಿನ ಚಿಕಿತ್ಸಾ ಕೋಣೆಗೆ, ಹೋಗಿ ಕಾಲು ತೋರಿಸಬೇಕು. ಅಲ್ಲಿ ನೌಕಾಪಡೆಯದೇ ಆಸ್ಪತ್ರೆ ಇದೆ, ಐಎನ್‌ಎಚ್‌ಎಸ್ ನಿವಾರಿಣಿ. ಇಂಥ ಕಾಲುಗಳನ್ನು ಅವರು ನೋಡಿದಷ್ಟು ಇಲ್ಲಿ ಯಾರೂ ನೋಡಿರಲ್ಲ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂತ ಮತ್ತೆ ಓಡಬಾರದು. ಎಂಆರ್‌ಐನಲ್ಲಿ ಕಾಣುತ್ತದೆ. ಬೇಗ ಸಿಕ್ಕರೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ವಿಶ್ರಾಂತಿ. ಮೂಳೆಯ ಮುಂಭಾಗದ ನಡುವೆ ಆಗಿದ್ದರೆ ಇನ್ನೂ ಜಾಸ್ತಿ.

ರೆಲಿಗೇಷನ್ ವಿಷಯ. ಆಗಬಹುದು. ಸುಳ್ಳು ಹೇಳುವುದಿಲ್ಲ. ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗ ತೊಡೆಸಂದಿನ ನೋವನ್ನು ಮೂರು ವಾರ ಮುಚ್ಚಿಟ್ಟ. ಒಂದು ದಿನ ಪರೇಡಿನಲ್ಲಿ ಮೂಳೆ ಪೂರ್ತಿ ಮುರಿಯಿತು. ಸ್ಕ್ರೂ ಹಾಕಿದೆವು. ಅವನ ಬ್ಯಾಚ್ ಹೋಗಲಿಲ್ಲ, ನೌಕರಿಯೇ ಹೋಯಿತು. ಮನೆಗೆ ಫೋನ್ ಮಾಡಿ ಹೇಳಿದ್ದನಂತೆ. ಮನೆಯವರು "ಸ್ವಲ್ಪ ತಡ್ಕೋ ಮಗಾ, ಇನ್ನೊಂದು ತಿಂಗಳು" ಅಂದಿದ್ದರು.

ಮುಂದಿನ ಭಾನುವಾರದವರೆಗೆ ಕಾಯಬೇಡಿ. ಸೇರುವಾಗ ಕೊಟ್ಟ ಕಾಗದಗಳನ್ನು ತೆಗೆದು ಅಲ್ಲಿನ ನಂಬರ್ ಹುಡುಕಿ. ನಾಳೆ ಬೆಳಿಗ್ಗೆ ಅವನ ಡಿವಿಷನಲ್ ಆಫೀಸರ್ (ಅವನ ತಂಡವನ್ನು ನೋಡಿಕೊಳ್ಳುವ ಅಧಿಕಾರಿ) ಜೊತೆ ಮಾತಾಡಬೇಕು ಅಂತ ಹೇಳಿ. ಮಗ ಬೈಯುತ್ತಾನೆ. ಬೈಸಿಕೊಳ್ಳಿ.

ಸಕಲೇಶಪುರದ ಅಪ್ಪ: ಅಲ್ಲ ಮೇಡಂ, ಇರುವುದೇ ನಾಲ್ಕು ವರ್ಷದ ಅಗ್ನಿವೀರ್ ಕೆಲಸ. ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ ಹೆಚ್ಚೆಂದರೆ 25 ಜನರನ್ನು. ರೆಲಿಗೇಟ್ ಆದವನನ್ನು ಯಾರು ಉಳಿಸಿಕೊಳ್ತಾರೆ? ಹುಡುಗ ಹೆದರೋದರಲ್ಲಿ ತಪ್ಪೇನಿದೆ?

ಡಾಕ್ಟರಮ್ಮ: ಕುಂಟುವವನನ್ನು ಉಳಿಸಿಕೊಳ್ತಾರಾ?

ಬೇಲೂರಿನ ಅಪ್ಪ: ಅಣ್ಣ, ನೀವು ಯಾವಾಗಲೂ ಇದೇ ರಾಗ. ಹೋಗುವ ಮೊದಲೇ ಗೊತ್ತಿತ್ತಲ್ಲ ನಾಲ್ಕು ವರ್ಷ ಅಂತ? ಮುಗಿದ ಮೇಲೆ 11.71 ಲಕ್ಷ ಸಿಗುತ್ತೆ. ನಮ್ಮ ಮನೇಲಿ ಅಷ್ಟು ದುಡ್ಡು ಒಟ್ಟಿಗೆ ಯಾರೂ ನೋಡಿಲ್ಲ.

ಸಕಲೇಶಪುರದ ಅಪ್ಪ: ಅದರಲ್ಲಿ ಹತ್ತಿರ ಹತ್ತಿರ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು ಸ್ವಾಮಿ. ಮೊದಲ ವರ್ಷ 30 ಸಾವಿರ ಅಂತಾರೆ, ಕೈಗೆ ಬರುವುದು 21. ಲೆಕ್ಕ ಓದಿ ಮಾತಾಡಿ.

ಬೇಲೂರಿನ ಅಪ್ಪ: ಉಳಿದರ್ಧ ಸರ್ಕಾರ ಹಾಕುತ್ತಲ್ಲ, ಮೇಲೆ ಬಡ್ಡಿ? ನಿಮ್ಮ ಹಾಗೆ ಕಾಫಿ ತೋಟ ಇದ್ದವರಿಗೆ 21 ಸಾವಿರ ಕಡಿಮೆ ಅನಿಸುತ್ತೆ. ನಮಗೆ ಅನಿಸಲ್ಲ.

ಸಕಲೇಶಪುರದ ಅಪ್ಪ: ತೋಟದ ಮಾತು ಯಾಕೆ ಬಂತು ಇಲ್ಲಿ? ತೋಟ ಇದ್ದೂ ಮಗನನ್ನು ಕಳಿಸಿದ್ದೀನಿ.

ಅಡ್ಮಿನ್, ಹಾಸನ: ಇಬ್ಬರೂ ನಿಲ್ಲಿಸಿ. ಆರೋಗ್ಯದ ಪ್ರಶ್ನೆ ಮಾತ್ರ.

ಗಂಡಸಿಯ ಅಮ್ಮ: ಪಾಸಿಂಗ್ ಔಟ್ ಪರೇಡಿಗೆ ಹೋಗಲು ಬಾಲುಗಾಂವ್‌ನಲ್ಲಿ ಇಳಿಯಬೇಕಾ, ಖುರ್ದಾ ರೋಡ್‌ನಲ್ಲಾ? ಹೋಗಿ ಬಂದವರು ತಿಳಿಸಿ.

ಆಲೂರಿನ ಅಪ್ಪ: ಮೇಡಂ, ಹುಡುಗನಿಗೆ ತೊಡೆಸಂದಿಯಲ್ಲಿ ತುರಿಕೆ, ಉಂಗುರದ ಹಾಗೆ ಕೆಂಪಗೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಒಂದು ಕ್ರೀಮ್ ಕೊಟ್ಟರು, ನನಗೆ ಎರಡೇ ದಿನಕ್ಕೆ ಹೋಯ್ತು. ಅದನ್ನೇ ಕಳಿಸಲಾ?

ಡಾಕ್ಟರಮ್ಮ: ಎರಡೇ ದಿನಕ್ಕೆ ಹೋಯಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಇರುವುದೇ ಹೆಚ್ಚು. ತುರಿಕೆ ಅಡಗುತ್ತದೆ, ಒಳಗೆ ಹುಳುಕಡ್ಡಿ ಹರಡುತ್ತದೆ. ಆಮೇಲೆ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ಕಳಿಸಬೇಡಿ, ನೀವೂ ಹಚ್ಚಬೇಡಿ. ಸಿಕ್ ಬೇಗೆ ಹೋಗಲಿ. ಒದ್ದೆ ಒಳಬಟ್ಟೆ ಹಾಕದಿರಲಿ.

ಅರಕಲಗೂಡಿನ ಅಪ್ಪ: ಮೇಡಂ, ದೊಡ್ಡವನು ಚಿಲ್ಕಾದಲ್ಲಿ. ಚಿಕ್ಕವನೂ ಮುಂದಿನ ಸಲ ಹಾಕಬೇಕು ಅಂತಿದ್ದಾನೆ. ಕಣ್ಣು ತೋರಿಸಿದಾಗ ಆ ಚುಕ್ಕೆ ಚುಕ್ಕೆ ಪುಸ್ತಕದಲ್ಲಿ ನಂಬರ್ ಓದಲು ಆಗಲಿಲ್ಲ. ಕೆಂಪು ಹಸಿರು ಗುರುತು ಸಿಗಲ್ಲವಂತೆ. ಹೊನಗೊನೆ ಸೊಪ್ಪಿನ ರಸ 48 ದಿನ ಕುಡಿದರೆ ಸರಿಹೋಗುತ್ತೆ ಅಂತ ಮೆಸೇಜ್ ಬಂದಿದೆ. ಶುರು ಮಾಡಿದ್ದೇವೆ.

ಡಾಕ್ಟರಮ್ಮ: ಹೊನಗೊನೆ ಸೊಪ್ಪು ಸಾರಿಗೆ ಚೆನ್ನಾಗಿರುತ್ತದೆ. ಬಣ್ಣ ಗುರುತಿಸದಿರುವುದು ಹುಟ್ಟಿನಿಂದ ಬಂದದ್ದು. ಸೊಪ್ಪು, ಡ್ರಾಪ್ಸ್, ವ್ಯಾಯಾಮ ಯಾವುದರಿಂದಲೂ ಹೋಗಲ್ಲ. ಪುಸ್ತಕದ ನಂಬರ್ ಬಾಯಿಪಾಠ ಮಾಡಿಸುವ ಕೋಚಿಂಗ್‌ನವರ ಹತ್ತಿರವೂ ಹೋಗಬೇಡಿ. ಸಮುದ್ರದಲ್ಲಿ ರಾತ್ರಿ ಎದುರಿನ ಹಡಗು ಯಾವ ಕಡೆ ತಿರುಗಿದೆ ಅಂತ ತಿಳಿಯುವುದು ಕೆಂಪು ದೀಪ, ಹಸಿರು ದೀಪ ನೋಡಿ. ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಯೋಚಿಸಿ. ಹುಡುಗನಿಗೆ ಬೇರೆ ದಾರಿ ಈಗಲೇ ನೋಡಿ, ವಯಸ್ಸು ಕಳೆಯಬೇಡಿ.

ಅರಕಲಗೂಡಿನ ಅಪ್ಪ: ಆದರೆ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಮೇಡಂ.

ಡಾಕ್ಟರಮ್ಮ: ಗಂಡುಮಕ್ಕಳಿಗೆ ಅದು ಬರುವುದು ತಾಯಿಯ ಎಕ್ಸ್ ಕ್ರೋಮೋಸೋಮಿನಿಂದ. ತಾಯಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ.

ಅರಕಲಗೂಡಿನ ಅಪ್ಪ: ಹಾಗೆ ಹೇಳಿ. ಅವರ ತವರಿನ ಕಡೆಯದು.

ಅರಕಲಗೂಡಿನ ಅಮ್ಮ: ರೀ, ನಾನೂ ಇದೇ ಗುಂಪಿನಲ್ಲಿ ಇದ್ದೀನಿ.

ಸಕಲೇಶಪುರದ ಅಪ್ಪ: 😂

ಅರಸೀಕೆರೆ ಅಮ್ಮ: ನಗೋದೇನಿದೆ ಇದರಲ್ಲಿ? ಯಾವ ಮನೇಲಿ ಏನಾದರೂ ಹೆಂಡತಿ ತವರೇ ಕಾರಣ.

ಡಾಕ್ಟರಮ್ಮ: ಯಾರ ತಪ್ಪೂ ಅಲ್ಲ. ಇಲ್ಲಿಗೆ ಸಾಕು.

ಜಾವಗಲ್ಲಿನ ಅಪ್ಪ: ಮೇಡಂ ಹಡಗಿನಲ್ಲಿ ವಾಂತಿಗೆ ಏನು ಮಾಡಬೇಕು?

ಡಾಕ್ಟರಮ್ಮ: ಮೇಲೆ ಓದಿ.

ಚನ್ನರಾಯಪಟ್ಟಣದ ಅಮ್ಮ: ಮೇಡಂ, ನನ್ನ ಪ್ರಶ್ನೆ ನೋಡಿದಿರಾ?

ಜಾವಗಲ್ಲಿನ ಅಪ್ಪ: ಹೆಣ್ಣುಮಕ್ಕಳನ್ನು ಅಷ್ಟು ದೂರ ಇಂಥ ಕೆಲಸಕ್ಕೆ ಯಾಕೆ ಕಳಿಸಬೇಕಿತ್ತು ಅಂತ ನನ್ನ ಅಭಿಪ್ರಾಯ. ತಪ್ಪು ತಿಳಿಯಬೇಡಿ.

ಅರಸೀಕೆರೆ ಅಮ್ಮ: ತಪ್ಪೇ ತಿಳಿದೆ. 2023ರ ಮಾರ್ಚ್‌ನಲ್ಲಿ ಅಗ್ನಿವೀರರ ಮೊದಲ ಬ್ಯಾಚ್ ಚಿಲ್ಕಾದಿಂದ ಹೊರಬಂದಾಗಲೇ 273 ಹುಡುಗಿಯರಿದ್ದರು. ನೀವು ಈಗ ಎದ್ದಿದ್ದೀರಿ.

ಜಾವಗಲ್ಲಿನ ಅಪ್ಪ: ನ್ಯೂಸ್ ಪೇಪರ್ ಹೊಟ್ಟೆಗೆ ಕಟ್ಟಿ ಅನ್ನುವವರಿಂದ ನಾನು ಕಲಿಯಬೇಕಾ?

ಅರಸೀಕೆರೆ ಅಮ್ಮ: ಬಂದದ್ದನ್ನು ಕಳಿಸಿದೆ. ನಾನು ಬರೆದದ್ದಲ್ಲ.

ಗಂಡಸಿಯ ಅಮ್ಮ: ಯಾವ ಸ್ಟೇಷನ್ ಅಂತ ಯಾರಾದರೂ ಹೇಳಿ ಪ್ಲೀಸ್.

ಆಲೂರಿನ ಅಪ್ಪ: ಕಿವಿಯಲ್ಲಿ ನೀರು ಹೋಗಿ ನೋವು ಬಂದರೆ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಬಹುದಾ?

ಡಾಕ್ಟರಮ್ಮ: ಸ್ವಾಮಿ, ಕಿವಿಗೆ ಎಣ್ಣೆ ಬೇಡ. ತಮಟೆ ತೂತಾಗಿದ್ದರೆ ಒಳಗೆ ಹೋಗುತ್ತದೆ. ಎಣ್ಣೆ, ಸೊಪ್ಪು, ಕರ್ಪೂರ, ಕ್ರೀಮ್ ಏನನ್ನೂ ಅಲ್ಲಿಗೆ ಕಳಿಸಬೇಡಿ. ಅಲ್ಲಿ ಡಾಕ್ಟರಿದ್ದಾರೆ. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಈ ಗುಂಪಿನಿಂದ ಹೊರಗೆ. ಇವತ್ತಿಗೆ ಮುಗಿಸುತ್ತೇನೆ.

ಬೇಲೂರಿನ ಅಪ್ಪ: ಧನ್ಯವಾದ ಮೇಡಂ 🙏 ಶಂ ನೋ ವರುಣಃ

ಮಂಗಳವಾರ, ಮಧ್ಯಾಹ್ನ

ಹೊಳೆನರಸೀಪುರದ ಅಮ್ಮ: ಮೇಡಂ, ನಿನ್ನೆ ಫೋನ್ ಮಾಡಿದೆ. ನನ್ನ ಹಿಂದಿ ಅವರಿಗೆ ಅರ್ಥ ಆಗಲಿಲ್ಲ. ಪಕ್ಕದ ಮನೆ ಹುಡುಗಿ ಮಾತಾಡಿದಳು. ಆಫೀಸರ್ ಒಳ್ಳೆಯವರು, ಅದೇ ದಿನ ಕಳಿಸಿದ್ದಾರೆ. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ.

ಡಾಕ್ಟರಮ್ಮ: ಮತ್ತೆ ಓಡಲು ಬಿಟ್ಟರಾ?

ಹೊಳೆನರಸೀಪುರದ ಅಮ್ಮ: ಇಲ್ಲ. ಓಟ, ಪರೇಡ್ ಎರಡೂ ನಿಲ್ಲಿಸಿದ್ದಾರೆ. ಎಂಆರ್‌ಐ ಮಾಡಿಸುತ್ತಾರಂತೆ. ಮೂತ್ರ, ರಕ್ತ ಎರಡೂ ಸರಿ ಇದೆ. ಮಗ ಐದು ನಿಮಿಷ ಮಾತಾಡಿದ. ಬೈದ.

ಡಾಕ್ಟರಮ್ಮ: ಸರಿ. ಎಂಆರ್‌ಐ ಆದ ಮೇಲೆ ನನಗೇ ಫೋನ್ ಮಾಡಿ, ಗುಂಪಿನಲ್ಲಿ ಹಾಕಬೇಡಿ.

ಸಕಲೇಶಪುರದ ಅಪ್ಪ: ನೋಡಿ, ರೆಲಿಗೇಟ್ ಗ್ಯಾರಂಟಿ.

ಡಾಕ್ಟರಮ್ಮ: ಚನ್ನರಾಯಪಟ್ಟಣದ ಅಮ್ಮ, ಭಾನುವಾರ ನೀವು ಕೇಳಿದ್ದು ಈಗ ಕಣ್ಣಿಗೆ ಬಿತ್ತು. ಗಲಾಟೆಯಲ್ಲಿ ಮೇಲೆ ಹೋಗಿಬಿಟ್ಟಿತ್ತು. ನನ್ನದೇ ತಪ್ಪು. ಊಟ ಕಡಿಮೆ, ಓಟ ಜಾಸ್ತಿ ಆದಾಗ ಮುಟ್ಟು ನಿಲ್ಲುತ್ತದೆ. ಅದೇ ಕಾರಣಕ್ಕೆ ಮೂಳೆಯೂ ಸೊರಗುತ್ತದೆ. ಮಗಳಿಗೆ ಎಲ್ಲಾದರೂ ನೋವಿದೆಯಾ? ಕಾಲು, ಪಾದ, ಸೊಂಟ?

ಚನ್ನರಾಯಪಟ್ಟಣದ ಅಮ್ಮ: ಎಡಗಾಲಿನ ಪಾದ ನೋವು ಅಂದಿದ್ದಳು ಮೇಡಂ. ಬೂಟಿನದು ಇರಬೇಕು ಅಂದುಕೊಂಡು ಅದನ್ನು ಬರೆಯಲಿಲ್ಲ.

ಡಾಕ್ಟರಮ್ಮ: ಈಗ ಫೋನ್ ಮಾಡಿ. ನಾನು ಮನೆಯಲ್ಲೇ ಇದ್ದೇನೆ.